ಬಿಚ್ಚದ ಜಾರುಹಲಗೆ

“ಮೊದಲು ಆ ಪಾನಾ ಕೆಳಗಿಡಿ,” ಎಂದೆ.

ಅಂಗಡಿಯವನು, ಊರಿಗೆಲ್ಲ ಕ್ಯಾರಿಯರ್ ಅಣ್ಣ, ಇಡಲಿಲ್ಲ. ಕಾರಿನ ಹಿಂದೆ ಸೈಕಲ್ ಕ್ಯಾರಿಯರ್ ಬಿಗಿಯುವ ಮೊಳದುದ್ದದ ಪಾನಾ ಅದು. ತಲೆಗೆ ಸರಿಯಾಗಿ ಬಿದ್ದರೆ ಎರಡನೇ ಏಟು ದಂಡ. ಅದನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸುತ್ತ ಅವನು ನನ್ನ ಬೆರಳುಗಳ ನಡುವಿದ್ದ ರಬ್ಬರ್ ಚೂರನ್ನೇ ನೋಡುತ್ತಿದ್ದ.

“ಎಲ್ಲಿ ಸಿಕ್ತು ಅಂತ ಕೇಳಲ್ವಾ?”

“ಹಳೇ ಟ್ಯೂಬಿನ ಚೂರು ಮೇಡಂ. ಯಾವ ಪಂಚರ್ ಅಂಗಡೀಲಿ ಬೇಕಾದ್ರೂ ಸಿಗುತ್ತೆ.”

“ಪಂಚರ್ ಅಂಗಡೀಲಿ ಸಿಗೋದಕ್ಕೆ ನಮ್ಮ ಭಾವನ ರಕ್ತ ಅಂಟಿರಲ್ಲ.”

ಭಾವ ಸತ್ತು ಇವತ್ತಿಗೆ ಐದು ದಿನ. ಕಾಡುದಾರಿ ಶುರುವಾಗುವ ಬಯಲಿನಲ್ಲಿ, ತನ್ನದೇ ಕಾರಿನ ಪಕ್ಕ, ತಲೆಬುರುಡೆ ಒಡೆದು ಬಿದ್ದಿದ್ದ. ಅವನ ಹೆಂಡತಿ, ಎಂದರೆ ನನ್ನ ಒಡಹುಟ್ಟಿದ ಅಕ್ಕ, ಆ ಸಂಜೆಯಿಂದ ಲಾಕಪ್ಪಿನಲ್ಲಿದ್ದಾಳೆ. ಇವತ್ತು ನ್ಯಾಯಾಲಯ ಜಾಮೀನು ಕೊಡದಿದ್ದರೆ ಸಂಜೆಗೆ ಜೈಲು. ಆಮೇಲೆ ಅವಳು ಹೊರಗೆ ಬರುವಷ್ಟರಲ್ಲಿ ನನ್ನ ತಲೆಯೂ ಬೆಳ್ಳಗಾಗಿರುತ್ತದೆ.

ನಾನು ಪೊಲೀಸಿನವಳು. “ಅಕ್ಕನ ಕೇಸಲ್ಲಿ ತಂಗಿ ಮೂಗು ತೂರಿಸೋ ಹಾಗಿಲ್ಲ,” ಎಂದು ನಮ್ಮ ಸಾಹೇಬರು ಮೊದಲ ದಿನವೇ ಎಚ್ಚರಿಸಿದ್ದರು. ನಾನು ಮೂಗು ತೂರಿಸಲಿಲ್ಲ, ರಜೆ ಹಾಕಿ ಇಡೀ ತಲೆಯನ್ನೇ ತೂರಿಸಿದೆ. ಭಾವನ ಕಾರಿನ ಮೇಲಿದ್ದ ಸೈಕಲ್ಲುಗಳಿಂದ ಬಿಚ್ಚಿ ಸಾಕ್ಷ್ಯದ ಚೀಲಕ್ಕೆ ಹಾಕಿದ್ದ ನಾಲ್ಕು ರಬ್ಬರ್ ಚೂರುಗಳಲ್ಲಿ ಒಂದನ್ನು ಎಗರಿಸಿಕೊಂಡು ಬಂದವಳೂ ನಾನೇ. ತಪ್ಪು ಎಂದು ಗೊತ್ತಿತ್ತು. ಅಕ್ಕನಿಗಾಗಿ ಇನ್ನೂ ನಾಲ್ಕು ತಪ್ಪು ಮಾಡಲು ಸಿದ್ಧಳಾಗಿದ್ದೆ.

“ಬೆಳಗ್ಗೆಯಿಂದ ಎದುರುಗಡೆ ನಿಂತು ನೋಡ್ತಿದ್ದೆ,” ಎಂದೆ. “ಎರಡು ಕಾರಿಗೆ ಸೈಕಲ್ ಏರಿಸಿಕೊಟ್ರಿ. ಎರಡಕ್ಕೂ ಕ್ಯಾರಿಯರಿನ ಹಿಡಿಕೆ ಕಚ್ಚೋ ಜಾಗದಲ್ಲಿ, ಸೈಕಲ್ಲಿನ ಕೊಳವೆಗೆ ಟ್ಯೂಬಿನ ಚೂರು ಸುತ್ತಿದ್ರಿ. ಅಂಚು ಒಳಗೆ ಮಡಚಿ, ಎರಡು ಸುತ್ತು, ಗಂಟಿಲ್ಲ. ಯಾಕೆ?”

“ಬಣ್ಣ ಕೆರೀಬಾರ್ದು ಅಂತ. ಹದಿನಾಲ್ಕು ವರ್ಷದ ಕೈ ಅಭ್ಯಾಸ.”

“ಬೇರೆ ಅಂಗಡಿಯೋರೂ ಹಿಂಗೇ ಸುತ್ತುತಾರಾ?”

“ಅವರಿಗೆಲ್ಲ ಗಿರಾಕಿ ಸೈಕಲ್ ಮೇಲೆ ಅಷ್ಟು ಕಾಳಜಿ ಎಲ್ಲಿ ಮೇಡಂ? ನಾನೊಬ್ಬನೇ...” ಎಂದವನು ನಾಲಿಗೆ ಕಚ್ಚಿಕೊಂಡ.

ಅಂಗಡಿಯಲ್ಲಿ ನಾವಿಬ್ಬರೇ. ಊಟಕ್ಕೆ ಮುಚ್ಚುವ ಹೊತ್ತು. ನಾನು ಬಂದಾಗ ಅವನು ಬಾಗಿಲಿನ ಷಟರಿಗೆ ಎರಡೂ ಕೈ ಹಾಕಿ ಜೋತುಬಿದ್ದು ಎಳೆಯುತ್ತಿದ್ದ. ತುಕ್ಕು ಹಿಡಿದ ಷಟರ್ ಗೇಣುದ್ದ ಇಳಿದು ನಿಂತಿತ್ತು. ನನ್ನ ಮುಖ ಕಂಡವನೇ ಕೈಬಿಟ್ಟು, ಕೈಗೆ ಪಾನಾ ತೆಗೆದುಕೊಂಡಿದ್ದ.

ಬಾಗಿಲ ಪಕ್ಕದ ಗೋಡೆಗೆ ಕ್ಯಾರಿಯರಿನ ಉಕ್ಕಿನ ತೋಳುಗಳು ಸಾಲಾಗಿ ನೇತಾಡುತ್ತಿದ್ದವು. ಮಧ್ಯದಲ್ಲಿ, ನೆಲಕ್ಕೆ ಬೋಲ್ಟ್ ಹಾಕಿದ ಕಂಬಕ್ಕೆ, ಗಿರಾಕಿಗಳಿಗೆ ತೋರಿಸುವ ಕ್ಯಾರಿಯರ್ ಸಿಕ್ಕಿಸಿತ್ತು. ಅದರ ಮೇಲೆ ಕೈಬರಹದ ಫಲಕ: ‘ಕೊಳ್ಳುವ ಮುನ್ನ ನೀವೇ ಒಮ್ಮೆ ಎತ್ತಿಡಿ. ಎತ್ತಿಟ್ಟದ್ದನ್ನು ವಿಡಿಯೋ ಮಾಡಲಾಗುವುದು. ಆಮೇಲೆ ಸೈಕಲ್ ಬಿದ್ದರೆ ಅಂಗಡಿಯನ್ನು ದೂರಬೇಡಿ.’

ಹದಿನೈದು ದಿನದ ಹಿಂದೆ ಅಕ್ಕ ಭಾವ ಇಲ್ಲೇ ನಿಂತು ಜಗಳವಾಡಿದ್ದರು. ಭಾವನಿಗೆ ಕಾರಿನ ನೆತ್ತಿಯ ಮೇಲಿನ ಕ್ಯಾರಿಯರ್ ಬೇಕಿತ್ತು, ನೋಡಲು ಠೀವಿ ಎಂದು. ಅವರ ಬ್ಯಾಟರಿ ಸೈಕಲ್ ಒಂದೊಂದೂ ಇಪ್ಪತ್ತೆಂಟು ಕೇಜಿ. ಅಷ್ಟು ಮೇಲೆ ಎತ್ತೋರು ಯಾರು, ನಿಮ್ಮಪ್ಪನಾ ಎಂದು ಅಕ್ಕ ಕೇಳಿದಳಂತೆ. ಡಿಕ್ಕಿಯ ಬಾಗಿಲಿಗೆ ಪಟ್ಟಿ ಕಟ್ಟಿ ನೇತುಹಾಕುವುದು ಹಗುರ ಸೈಕಲ್ಲಿಗೆ ಸರಿ, ಇಂಥ ಎರಡನ್ನು ಹೇರಿದರೆ ಬಾಗಿಲೇ ಕಿತ್ತು ಬರುತ್ತದೆ. ಕೊನೆಗೆ ಕಾರಿನ ಹಿಂದಿನ ಕೊಕ್ಕೆಗೆ ಸಿಕ್ಕಿಸುವಂಥದ್ದನ್ನು ಆರಿಸಿದ್ದರು. ಜೊತೆಗೆ ಸೈಕಲ್ಲನ್ನು ಎತ್ತದೆ ಉರುಳಿಸಿಕೊಂಡು ಏರಿಸಲು ಒಂದು ಅಲ್ಯೂಮಿನಿಯಂ ಜಾರುಹಲಗೆ.

ಆ ಜಗಳದ ನಡುವೆ ಅಕ್ಕ ಗಂಡನಿಗೆ, “ಇದೇ ಕಬ್ಬಿಣದಲ್ಲಿ ನಿಮ್ಮ ತಲೆ ಒಡೀತೀನಿ,” ಎಂದದ್ದನ್ನು ಹೊರಗೆ ನಿಂತಿದ್ದ ಗಿರಾಕಿಯೊಬ್ಬರು ಕೇಳಿಸಿಕೊಂಡಿದ್ದರು. ಭಾವನ ತಲೆ ಒಡೆದದ್ದೂ ಆ ಕ್ಯಾರಿಯರಿನ ಜೊತೆ ಕೊಟ್ಟಿದ್ದ ಬಿಡಿ ಉದ್ದ ತೋಳಿನಿಂದಲೇ ಎಂದು ಗಾಯದ ಆಕಾರ ನೋಡಿ ಡಾಕ್ಟರು ಹೇಳಿದರು. ತೋಳು ಮಾತ್ರ ನಾಪತ್ತೆ. ನಮ್ಮ ಸಾಹೇಬರಿಗೆ ಅಷ್ಟು ಸಾಕಾಯಿತು.

ನನಗೆ ಸಾಕಾಗಲಿಲ್ಲ.

“ಈ ಚೂರಿನ ಒಳಮೈಗೆ ರಕ್ತ ಅಂಟಿದೆ,” ಎಂದೆ. “ಹೊರಮೈಗಲ್ಲ. ಅಂದ್ರೆ ಸೈಕಲ್ ಮೇಲೆ ಮೊದಲು ರಕ್ತ ಬಿತ್ತು, ಆಮೇಲೆ ಟ್ಯೂಬ್ ಸುತ್ತಿ ಕ್ಯಾರಿಯರಿಗೆ ಏರಿಸಿದ್ರು. ಭಾವ ಸತ್ತ ಮೇಲೆ. ಜಾರುಹಲಗೆ ಡಿಕ್ಕಿಯಲ್ಲಿತ್ತು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಅಂದ್ರೆ ಎರಡೂ ಸೈಕಲ್ಲನ್ನ ಯಾರೋ ಬರೀ ಕೈಯಲ್ಲಿ ಎತ್ತಿಟ್ಟಿದಾರೆ. ನಮ್ಮಕ್ಕನ ಬಲ ಭುಜದಲ್ಲಿ ಉಕ್ಕಿನ ಪಟ್ಟಿ ಇದೆ. ಒಂದು ಬಿಂದಿಗೆ ನೀರು ಎತ್ತೋಕ್ಕಾಗಲ್ಲ ಅವಳ ಕೈಲಿ.”

ಇದನ್ನೇ ಬರೆದು, ಎರಡು ವರ್ಷದ ಹಿಂದಿನ ಆಪರೇಷನ್ ಕಾಗದಗಳ ಜೊತೆ ಬೆಳಗ್ಗೆ ಅಕ್ಕನ ಕೇಸು ಹಿಡಿದ ವಕೀಲಮ್ಮನ ಕೈಗೆ ಕೊಟ್ಟು ಬಂದಿದ್ದೆ. ಆ ಭುಜದ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅಕ್ಕನ ಕೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ಅವಳ ತಲೆ ಬಾಚಿ ಜಡೆ ಹೆಣೆದವಳು ನಾನು.

“ಹಾಗಾದ್ರೆ ಎತ್ತಿಟ್ಟೋರು ಯಾರು?” ಎಂದೆ. “ಕೈ ಅಭ್ಯಾಸ ಇರೋರೇ ತಾನೇ?”

ಜೇಬಿನಲ್ಲಿ ನನ್ನ ಫೋನ್ ನಡುಗಿತು. ಕಣ್ಣು ಅರೆಕ್ಷಣ ಆ ಕಡೆ ಹೋಯಿತು. ಅಷ್ಟು ಸಾಕಾಯಿತು ಅವನಿಗೆ.

ಪಾನಾ ಬಂದದ್ದು ಕಾಣಲಿಲ್ಲ, ಗಾಳಿ ಸೀಳಿದ ಸದ್ದು ಕೇಳಿತು. ತಲೆ ತಗ್ಗಿಸಿದೆ. ಹಿಂದಿದ್ದ ಗಾಜಿನ ಕಪಾಟು ಪುಡಿಯಾಗಿ ಕುತ್ತಿಗೆಯ ಮೇಲೆ ಸುರಿಯಿತು. ಎರಡನೇ ಏಟು ಎಡ ಮುಂಗೈಗೆ ಬಿತ್ತು. ಮೂಳೆ ಲಟ್ಟೆಂದದ್ದು ನನಗೇ ಕೇಳಿಸಿತು, ನೋವು ಒಂದು ಉಸಿರು ತಡವಾಗಿ ಬಂತು.

ಬಲಗೈಗೆ ಸಿಕ್ಕಿದ್ದು ಬೋಲ್ಟುಗಳ ಡಬ್ಬಿ. ಅವನ ಮುಖಕ್ಕೆ ಎಸೆದೆ. ಪಾನಾ ಬಿಟ್ಟು, ಕಣ್ಣು ಮುಚ್ಚಿಕೊಂಡು ಮುನ್ನುಗ್ಗಿದವನು ನನ್ನ ಕೂದಲು ಹಿಡಿದು ಕಪಾಟಿನ ಮೂಲೆಗೆ ಜಪ್ಪಿದ. ಒಂದು ಸಲ. ಇನ್ನೊಂದು ಸಲ. ಬಾಯಿ ತುಂಬಾ ಉಪ್ಪುಪ್ಪಾಯಿತು.

“ನಾನು ಕೊಂದಿಲ್ಲ!” ಎಂದು ಕಿರುಚುತ್ತಲೇ ಜಪ್ಪುತ್ತಿದ್ದ. ಕೊಲ್ಲಲಿಲ್ಲ ಎನ್ನುವುದನ್ನು ಕೊಲ್ಲುತ್ತಲೇ ಹೇಳುವ ಮನುಷ್ಯನನ್ನು ಅವತ್ತೇ ಮೊದಲು ನೋಡಿದ್ದು.

ಮಂಡಿಯನ್ನು ಅವನ ತೊಡೆಸಂದಿಗೆ ಗುದ್ದಿದೆ. ಹಿಡಿತ ಸಡಿಲವಾಯಿತು. ನೆಲದಲ್ಲಿ ಕ್ಯಾರಿಯರಿನ ಪಟ್ಟಿಯೊಂದು ಬಿದ್ದಿತ್ತು, ತುದಿಗೆ ಕಬ್ಬಿಣದ ಬಕಲ್. ಅದನ್ನು ಬೀಸಿದೆ. ಬಕಲ್ ಹುಬ್ಬು ಸೀಳಿತು. ರಕ್ತ ಎರಡೂ ಕಣ್ಣಿಗೆ ಇಳಿದು ಅವನು ಕುರುಡನಂತೆ ತಡವರಿಸಿದ. ಇನ್ನೊಮ್ಮೆ ಬೀಸಿದೆ. ಮೂರನೆಯದು ಬೇಕಿರಲಿಲ್ಲ, ಆದರೂ ಬೀಸಿದೆ. ನನ್ನೊಳಗಿನ ಪೊಲೀಸಿನವಳು ಅಷ್ಟರಲ್ಲಿ ಮನೆಗೆ ಹೋಗಿಯಾಗಿತ್ತು, ಅಲ್ಲಿ ಉಳಿದವಳು ತಂಗಿ ಮಾತ್ರ.

ಅವನು ಪ್ರದರ್ಶನದ ಕ್ಯಾರಿಯರ್ ಮೇಲೆ ಕವುಚಿ ಬಿದ್ದ. ಬಲ ಮಣಿಕಟ್ಟನ್ನು ಎಳೆದು ಹಿಡಿಕೆಯ ಬಾಯಿಗೆ ತುರುಕಿ ತಿರುಪು ತಿರುಗಿಸಿದೆ. ಒಂದು ಸುತ್ತು. ಎರಡು. ಸೈಕಲ್ಲಿನ ಕಬ್ಬಿಣ ಕಚ್ಚಲೆಂದು ಮಾಡಿದ ಬಾಯಿ ಅದು. ಮೂರನೇ ಸುತ್ತಿಗೆ ಚರ್ಮ ಬೆಳ್ಳಗಾಯಿತು. ನಾಲ್ಕನೆಯದಕ್ಕೆ ಅವನ ಮಂಡಿ ಕುಸಿಯಿತು.

“ಅಯ್ಯಮ್ಮಾ! ಸಾಕು, ಸಾಕು ಮೇಡಂ!”

“ಸೈಕಲ್ ಯಾರು ಏರಿಸಿದ್ದು?”

“ನಾನೇ! ನಾನೇ ಏರಿಸಿದ್ದು!”

ಐದು. ಆರು. ಎಲ್ಲೋ ಒಳಗೆ ಏನೋ ಕರಕ್ಕೆಂದಿತು.

“ಕೊಂದಿದ್ದು?”

ಜೊಲ್ಲು ರಕ್ತ ಕೂಡಿ ಅವನ ಗಡ್ಡದಿಂದ ತೊಟ್ಟಿಕ್ಕಿತು. ಹೇಳಲೇಬೇಕೆಂದರೆ ನನಗೆ ಸಂತೋಷವಾಗಿತ್ತು. ನಾಚಿಕೆಯೂ ಆಗುತ್ತಿತ್ತು, ಆದರೆ ಸಂತೋಷದ್ದೇ ಮೇಲುಗೈ. ಅಕ್ಕ ಬದುಕಿದಳು ಎಂದುಕೊಂಡೆ.

“ಎಡ ಜೇಬಲ್ಲಿ ನನ್ನ ಫೋನಿದೆ,” ಎಂದ ಅವನು. “ತೆಗೀರಿ. ಹದಿನೈದು ದಿನದ ಹಿಂದಿನ ವಿಡಿಯೋ ನೋಡಿ. ಆಮೇಲೆ ನನ್ನ ಕೈ ಕಡಿದ್ರೂ ಬೇಜಾರಿಲ್ಲ.”

ತೆಗೆದೆ. ಪರದೆ ಒಡೆದಿದ್ದರೂ ಓಡುತ್ತಿತ್ತು.

ಇದೇ ಅಂಗಡಿ, ಇದೇ ಕಂಬ. ಅಕ್ಕ ಒಬ್ಬಳೇ ನಿಂತಿದ್ದಾಳೆ. ಬಾಗಿಲಾಚೆ ಭಾವ ಫೋನಿನಲ್ಲಿ ಯಾರಿಗೋ ಕೂಗಾಡುವುದು ಕೇಳಿಸುತ್ತಿದೆ. “ಒಂದ್ಸಲ ಎತ್ತಿಡಬೇಕಕ್ಕಾ, ಅಂಗಡಿ ರೂಲ್ಸು. ಅಣ್ಣಾವ್ರು ಬರ್ಲಿ ಬಿಡಿ,” ಎನ್ನುತ್ತದೆ ಕ್ಯಾರಿಯರ್ ಅಣ್ಣನ ಧ್ವನಿ. ಅಕ್ಕ ಬಾಗಿಲ ಕಡೆ ಒಮ್ಮೆ ನೋಡುತ್ತಾಳೆ. ಕಾಲು ಅಗಲಿಸಿ ನಿಂತು, ಎಡಗೈ ಸೀಟಿನ ಕೆಳಗೆ, ಬಲಗೈ ಮುಂದಿನ ಕೊಳವೆಗೆ.

ಒಂದೇ ಉಸಿರಿಗೆ ಎತ್ತಿದಳು.

ಇಪ್ಪತ್ತೆಂಟು ಕೇಜಿ. ಬಲಗೈ ನಡುಗಲಿಲ್ಲ. ಚಕ್ರಗಳು ಕ್ಯಾರಿಯರಿನ ತಟ್ಟೆಯೊಳಗೆ ಸದ್ದಿಲ್ಲದೆ ಕೂತವು. ಅವಳ ಮುಖದಲ್ಲಿ ಒಂದು ನಗು ಬಂತು. ಅಂಥ ನಗುವನ್ನು ನಾನು ಅವಳ ಮದುವೆಗೆ ಮೊದಲು ನೋಡಿದ್ದೆ, ಆಮೇಲೆ ನೋಡಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಭಾವ ಒಳಗೆ ಬಂದ. ನೋಡಿದ. ಅವನೂ ನಕ್ಕ.

“ಗುಣ ಆಗಿದೆ ಅಂತ ಹೇಳಲೇ ಇಲ್ವಲ್ಲೇ,” ಎಂದ.

ನೆಲದಲ್ಲಿದ್ದ ಪಟ್ಟಿ ಎತ್ತಿಕೊಂಡ. ಬಕಲ್ ಇದ್ದ ತುದಿಯನ್ನೇ ಬೀಸಿದ. ಅಕ್ಕನ ಬೆನ್ನಿಗೆ, ಕತ್ತಿಗೆ, ಮತ್ತೆ ಬೆನ್ನಿಗೆ. ಅವಳ ಬಲಗೈಯನ್ನು ಹಿಂದಕ್ಕೆ ತಿರುಚಿ, “ಇನ್ನೊಂದ್ಸಲ ಮುರಿಯೋದು ನಂಗೇನು ಕಷ್ಟಾನಾ?” ಎಂದ. ಆಗಲೇ ಅಕ್ಕ ಹೇಳಿದ್ದು, ತಲೆ ಒಡೆಯುವ ಮಾತು. ಗಿರಾಕಿಗೆ ಕೇಳಿಸಿದ್ದು ಅದೊಂದೇ. ಏಟಿನ ಸದ್ದು ಹೊರಗೆ ಕೇಳಿಸಿರಲಿಲ್ಲ.

ವಿಡಿಯೋ ನಿಂತಿತು. ಆ ಫೋನನ್ನು ನನ್ನ ಜೇಬಿಗೆ ಹಾಕಿಕೊಂಡೆ.

ಎರಡು ವರ್ಷದ ಹಿಂದೆ ಅಕ್ಕ ಮೆಟ್ಟಿಲಿಂದ ಬಿದ್ದಳು ಎಂದು ಆಸ್ಪತ್ರೆಯ ಕಾಗದಕ್ಕೆ ಸಾಕ್ಷಿ ಸಹಿ ಹಾಕಿದವಳು ನಾನು. ಅದಕ್ಕೂ ವಾರದ ಮುಂಚೆ ಅವಳು ಫೋನ್ ಮಾಡಿ ಅತ್ತಾಗ ನಾನು ಬಂದೋಬಸ್ತಿನಲ್ಲಿದ್ದೆ. ಸ್ವಲ್ಪ ಹೊಂದಿಕೊಂಡು ಹೋಗಕ್ಕಾ, ಎಂದು ಹೇಳಿ ಇಟ್ಟುಬಿಟ್ಟಿದ್ದೆ. ಊರಿನ ಹೆಂಗಸರಿಗೆಲ್ಲ ಹೆದರಬೇಡಿ ಎಂದು ಭಾಷಣ ಬಿಗಿಯುವವಳು! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

“ಅವತ್ತು ಏನಾಯ್ತು?” ಎಂದೆ.

“ಕ್ಯಾರಿಯರ್ ಮೇಲೆ ನನ್ನ ನಂಬರ್ ಅಂಟಿಸಿರ್ತೀನಿ. ಅಕ್ಕ ಫೋನ್ ಮಾಡಿದ್ರು, ಹಿಡಿಕೆ ಸಿಕ್ಕಾಕ್ಕೊಂಡಿದೆ ಬಾಪ್ಪಾ ಅಂತ. ಹೋಗಿ ನೋಡಿದ್ರೆ...” ಅವನು ಕಣ್ಣು ಮುಚ್ಚಿಕೊಂಡ. “ಅಣ್ಣಾವ್ರ ತಲೆ ಇರಲೇ ಇಲ್ಲ ಮೇಡಂ. ಇತ್ತು, ಆದ್ರೆ ತಲೆ ಥರ ಇರಲಿಲ್ಲ. ಒಂದೇಟಲ್ಲ ಅದು. ಹತ್ತೋ ಹದಿನೈದೋ. ಅಕ್ಕ ಪಕ್ಕದ ಕಲ್ಲಿನ ಮೇಲೆ ಕೂತು ನೀರು ಕುಡೀತಿದ್ರು.”

“ಸುಳ್ಳು.”

“ಸುಳ್ಳಾದ್ರೆ ನನಗೇನು ಲಾಭ? ಅವತ್ತು ಅಂಗಡೀಲಿ ಹೊಡೀವಾಗ ನಾನು ಬಿಡಿಸಲಿಲ್ಲ, ಗಂಡ ಹೆಂಡ್ತಿ ವಿಷಯ ಅಂತ ಸುಮ್ನಿದ್ದೆ. ಆ ಪಾಪಕ್ಕೆ ಅಂತ ಒಪ್ಕೊಂಡೆ. ಸೈಕಲ್ ಎರಡೂ ಏರಿಸು ಅಂದ್ರು. ಏರಿಸ್ದೆ. ಟ್ಯೂಬ್ ಸುತ್ತಿದ್ದು ನನಗೇ ಗೊತ್ತಾಗಲಿಲ್ಲ, ಕೈ ತಾನೇ ಸುತ್ತಿಬಿಡ್ತು. ಹಲಗೆ ತರ್ಲಾ ಅಂದೆ. ಬೇಡ, ಪ್ಲಾಸ್ಟಿಕ್ ಬಿಚ್ಚಬೇಡ, ಡಿಕ್ಕಿಯಲ್ಲೇ ಇರ್ಲಿ ಅಂದ್ರು.”

“ಯಾಕೆ?”

ಅವನು ನನ್ನನ್ನು ಕನಿಕರದಿಂದ ನೋಡಿದ. ತನ್ನ ಕೈ ಮುರಿದವಳನ್ನು ಅವನು ಹಾಗೆ ನೋಡಬಾರದಿತ್ತು.

“ಹಲಗೆ ಬಿಚ್ಚಿಲ್ಲ ಅಂದ್ರೆ ಸೈಕಲ್ ಎತ್ತಿಟ್ಟೋಳು ನಾನಲ್ಲ ಅಂತ ನನ್ನ ತಂಗಿಗೆ ಗೊತ್ತಾಗುತ್ತೆ, ಅವಳು ಪೊಲೀಸು, ಮಿಕ್ಕಿದ್ದು ಅವಳೇ ನೋಡ್ಕೋತಾಳೆ ಅಂದ್ರು.”

ಜೇಬಿನಲ್ಲಿ ಫೋನ್ ಮತ್ತೆ ನಡುಗತೊಡಗಿತು. ಮುರಿದ ಎಡಗೈ ಎತ್ತಲಾಗಲಿಲ್ಲ. ಬಲಗೈಯಿಂದ ತೆಗೆದೆ. ವಕೀಲಮ್ಮ.

“ಎಲ್ಲಿ ಸತ್ತಿದ್ಯೇ? ಆರು ಸಲ ಮಾಡ್ದೆ! ಜಾಮೀನು ಸಿಕ್ತು ಕಣೇ! ನಿನ್ನ ಹಲಗೆ, ನಿನ್ನ ಭುಜದ ಕಾಗದ, ಎರಡೇ ಸಾಕಾಯ್ತು. ಜಡ್ಜು ಎರಡು ಮಾತಾಡಲಿಲ್ಲ.”

“ಯಾವಾಗ?”

“ಹನ್ನೆರಡೂವರೆಗೇ. ಅಕ್ಕ ಹೊರಗೆ ಬಂದವಳೇ ನೀನೆಲ್ಲಿ ಅಂತ ಕೇಳಿದ್ಲು. ಕ್ಯಾರಿಯರ್ ಅಂಗಡಿಗೆ ಹೋಗಿದಾಳೆ ಅಂದೆ. ಪಾಪ, ನಿನ್ನ ನೋಡೋಕೆ ಆಟೋ ಹತ್ತಿ ಆಗಲೇ ಹೊರಟ್ಲು.”

ಅಂಗಡಿಯ ಗಡಿಯಾರದಲ್ಲಿ ಒಂದೂ ಹತ್ತು. ಫೋನ್ ಜೇಬಿಗೆ ಹಾಕಿದೆ.

“ಉದ್ದ ತೋಳು ಎಲ್ಲಿ?” ಎಂದೆ ಅವನಿಗೆ. “ನಾಪತ್ತೆ ಆಗಿರೋದು.”

“ಇಲ್ಲೇ ಇದೆ. ತೊಳೆದು ಗೋಡೆಗೆ ನೇತು ಹಾಕಿದೀನಿ, ಹೊಸವುಗಳ ಜೊತೆ. ಎಡಗಡೆಯಿಂದ ಮೂರನೇದು. ಅಲ್ಲೇ ನೇತು ಹಾಕು ಅಂದಿದ್ದೂ ಅಕ್ಕನೇ.” ಅವನ ಕಣ್ಣು ಬಾಗಿಲ ಕಡೆ ಹೊರಳಿತು. ಸಿಕ್ಕಿಬಿದ್ದ ಕೈಯನ್ನು ಎಳೆದುಕೊಳ್ಳತೊಡಗಿದ. “ಮೇಡಂ, ತಿರುಪು ಬಿಚ್ಚಿ. ದಮ್ಮಯ್ಯ ಅಂತೀನಿ, ಬೇಗ ಬಿಚ್ಚಿ.”

ತಿರುಗಿದೆ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಐದು ದಿನದ ಕೊಳೆ ಸೀರೆ, ಕಾಲಿಗೆ ಚಪ್ಪಲಿಯಿಲ್ಲ. ಆದರೆ ತಲೆ ನೀಟಾಗಿ ಬಾಚಿತ್ತು. ನೆತ್ತಿಯಿಂದ ಸೊಂಟದವರೆಗೆ ಒಂದೇ ಬಿಗಿಯ ಜಡೆ, ಒಂದು ಕೂದಲೂ ಹೊರಗಿಲ್ಲ. ಲಾಕಪ್ಪಿನಲ್ಲಿ ಅದನ್ನು ಹೆಣೆದುಕೊಡುವವರು ಯಾರೂ ಇರಲಿಲ್ಲ.

“ಪುಟ್ಟೀ,” ಎಂದಳು. ಚಿಕ್ಕಂದಿನಿಂದ ಕರೆಯುವ ಅದೇ ಅಕ್ಕರೆ. “ಅಯ್ಯೋ, ನಿನ್ನ ಕೈಗೇನಾಯ್ತೇ? ಇವನು ಹೊಡೆದ್ನಾ?”

“ಅಕ್ಕಾ, ವಿಡಿಯೋ ನೋಡ್ದೆ.”

ಅವಳ ಕಣ್ಣು ತುಂಬಿ ಬಂತು. ಅದು ನಾಟಕವಲ್ಲ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ.

“ನೀನು ಹೇಳ್ದಂಗೆ ಹೊಂದ್ಕೊಂಡು ಹೋದೆ ಕಣೇ,” ಎಂದಳು. “ಎರಡು ವರ್ಷ. ಆಗೋಷ್ಟು ದಿನ ಹೊಂದ್ಕೊಂಡೆ.”

ಆಮೇಲೆ ಬಲಗೈ ಎತ್ತಿದಳು. ಕಿವಿ ದಾಟಿ, ತಲೆ ದಾಟಿ, ನೆಟ್ಟಗೆ. ಷಟರಿನ ಹಿಡಿ ಹಿಡಿದು, ಆ ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ನೆಲದವರೆಗೆ ಎಳೆದಳು. ರಸ್ತೆಯ ಸದ್ದೆಲ್ಲ ಹೊರಗುಳಿಯಿತು. ಒಳಗೆ ಒಂದು ಟ್ಯೂಬ್‌ಲೈಟ್ ಮಾತ್ರ ಉರಿಯುತ್ತಿತ್ತು.

ಗೋಡೆಯತ್ತ ನೋಡದೆಯೇ ಕೈ ಚಾಚಿ, ಎಡಗಡೆಯಿಂದ ಮೂರನೇ ತೋಳನ್ನು ತೆಗೆದುಕೊಂಡಳು.

“ಪಕ್ಕಕ್ಕೆ ಸರಿ, ಪುಟ್ಟೀ. ಇವನೊಬ್ಬ ಮುಗಿದ್ರೆ ನೋಡಿದೋರು ಯಾರೂ ಇಲ್ಲ. ಆ ಫೋನ್ ಇಲ್ಲಿ ಕೊಡು.”

ನಾನು ಸರಿಯಲಿಲ್ಲ. ಬೆನ್ನ ಹಿಂದೆ ಕ್ಯಾರಿಯರ್ ಅಣ್ಣ ಮಗುವಿನಂತೆ ಅಳುತ್ತಿದ್ದ. ಅವನ ಮಣಿಕಟ್ಟು ಹಿಡಿಕೆಯ ಬಾಯಲ್ಲಿತ್ತು. ಬಿಗಿದವಳು ನಾನೇ, ಆರು ಸುತ್ತು. ಬಿಚ್ಚಲೂ ಆರು ಸುತ್ತು ಬೇಕು, ನನಗಿದ್ದದ್ದು ಒಂದೇ ಕೈ.

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ನಾನು ಅವಳಿಂದ ಕಣ್ಣು ತೆಗೆಯದೆ, ಹಿಂದಕ್ಕೆ ಕೈ ಚಾಚಿ ತಿರುಪು ಹಿಡಿದು ಮೊದಲನೇ ಸುತ್ತು ತಿರುಗಿಸಿದೆ.